ಅಜ್ಜಿಯನ್ನು ಸಂತೆಗೆ ಮುಟ್ಟಿಸಿದ ಬಗೆ

ಬೆಳಗಿನ ನಾಲ್ಕಕ್ಕೆ ಏಳಬೇಕಂತೆ. ಬೆಳಗಾವಿಯ ಒಂದು ಸಾಹಿತ್ಯ ಸಮಾರಂಭದಲ್ಲಿ ಹಿರಿಯ ಲೇಖಕರೊಬ್ಬರು ಮೈಕಿನ ಮುಂದೆ ನಿಂತು ಹೇಳಿದರು: "ಟೈಮ್ ಸಿಗೂದಿಲ್ಲ ಅನ್ನಾವ್ರು ಸೋಮಾರಿಗಳ್ರಿ. ನಾ ದಿನಾ ನಾಕಕ್ಕ ಎದ್ದ ಬರ್ಯಾಕ ಕುಂದರತೇನಿ. ಮನ್ಯಾಗ ಯಾರೂ ನನ್ನ ಮಾತಾಡ್ಸಂಗಿಲ್ಲ." ಚಪ್ಪಾಳೆಯೋ ಚಪ್ಪಾಳೆ. ಅವರ ಹೆಂಡತಿ ಮುಂದಿನ ಸಾಲಿನಲ್ಲಿ ಕೂತಿದ್ದರು. ಮಡಿಲಲ್ಲಿ ಗಂಡನ ಶಾಲು, ನೀರಿನ ಬಾಟಲಿ, ಗುಳಿಗೆಯ ಡಬ್ಬಿ. ಊಟದ ಹೊತ್ತಿನಲ್ಲಿ ನಾನು ಅವರನ್ನು ಕೇಳಿದೆ, "ನೀವು ಎಷ್ಟಕ್ಕ ಏಳತೀರಿ ಅಕ್ಕಾರ?"

"ಅವರಕಿಂತ ಮೊದಲ ಏಳತೇನವಾ. ಎದ್ದಕೂಡ್ಲೆ ಅವರಿಗೆ ಚಾ ಬೇಕಲ್ಲ," ಎಂದರು.

ನನಗೆ ಅಂಗಾಲಿನ ಉರಿ ನೆತ್ತಿಗೇರಿತು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ! ಈ ಮನುಷ್ಯನ ಶಿಸ್ತು ಇನ್ನೊಬ್ಬರ ನಿದ್ದೆ ಕದ್ದು ಮಾಡಿದ್ದು. ಅದನ್ನು ಮೈಕಿನಲ್ಲಿ ಯಾಕೆ ಹೇಳಲಿಲ್ಲ? ಹೋಳಿಗೆಯನ್ನು ಅರ್ಧಕ್ಕೇ ಬಿಟ್ಟೆ. ತಟ್ಟೆ ಇಟ್ಟು ಎದ್ದು ಬಂದೆ.

ನಾನು ಖಾನಾಪುರದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಮನೆ ಪೀರನವಾಡಿಯಲ್ಲಿ. ಗಂಡ, ಅತ್ತೆ, ಮಾವ, ಕಾಲೇಜಿಗೆ ಹೋಗುವ ಮಗಳು. ಆ ಮಗಳು ಇನ್ನೂ ಅಕ್ಷರ ತಿದ್ದುತ್ತಿದ್ದಾಗ ನಾನೊಂದು ಕಾದಂಬರಿ ಶುರು ಮಾಡಿದ್ದೆ. ಹಲಸಿಯ ನನ್ನ ಅಜ್ಜಿಯ ಕಥೆ. ತಲೆಯ ಮೇಲೆ ಬೆಣ್ಣೆಯ ಗಡಿಗೆ ಹೊತ್ತು ಖಾನಾಪುರದ ಸಂತೆಗೆ ನಡೆದೇ ಬರುತ್ತಿದ್ದ ಹೆಂಗಸು. ಕೊನೆಯ ಅಧ್ಯಾಯದಲ್ಲಿ, ಗಂಡ ಸತ್ತ ಮೇಲೆ, ಅವಳು ಮೊದಲ ಸಲ ಒಬ್ಬಳೇ ಸಂತೆಗೆ ಹೊರಡುತ್ತಾಳೆ. ಹೊರಟಳು, ಅರ್ಧ ದಾರಿಗೆ ಬಂದಳು, ಅಷ್ಟರಲ್ಲಿ ನಮ್ಮ ಮನೆಯ ಕುಕ್ಕರು ಕೂಗಿತು. ಅಂದಿನಿಂದ ಅವಳು ಗಡಿಗೆ ಹೊತ್ತು ಅಡವಿಯ ದಾರಿಯಲ್ಲೇ ನಿಂತಿದ್ದಳು. ಪ್ರಕಾಶಕರು ಫೋನ್ ಮಾಡಿ, "ದೀಪಾವಳಿ ಒಳಗ ಪೂರ್ತಿ ಕೊಡ್ರಿ ಮೇಡಂ. ಇಲ್ಲಾಂದ್ರ ಬಿಟ್ಟಬಿಡೂಣು. ಇನ್ನ ನನಗ ಕಾಯಾಕ ಆಗಂಗಿಲ್ಲ," ಎಂದು ಹೇಳಿ ಇಟ್ಟರು. ಅವರದೇನು ತಪ್ಪು?

ಬಸ್ಸಿನಲ್ಲಿ ಬರೆಯೋಣವೆಂದರೆ, ನನಗಾಗಿ ಸೀಟು ಹಿಡಿದಿಡುವ ಗೆಳತಿ ಇದ್ದಾಳೆ, ಮರಾಠಿ ಟೀಚರು. ಒಳ್ಳೆಯವಳು, ಆದರೆ ನಾನು ಪೆನ್ನು ತೆಗೆದರೆ ಸಾಕು, ಹೆಗಲ ಮೇಲೆ ಗದ್ದ ಇಡುತ್ತಾಳೆ. "ಕಾಯ ಗ," ಎಂದು ಮರಾಠಿಯಲ್ಲಿ ಶುರು ಮಾಡುತ್ತಾಳೆ, "ಏನ ಬರೀತಿ? ನನ್ನ ಬಗ್ಗೆ ಅಲ್ಲ ಹೌದಿಲ್ಲೋ?" ಶಾಲೆಯಲ್ಲಿ ಇನ್ನೂ ಚೆಂದ. ಯಾರು ನಿವೃತ್ತರಾದರೂ ಸನ್ಮಾನಪತ್ರ ನಾನೇ ಬರೆಯಬೇಕು. ಯಾರ ಮಗನ ಮದುವೆಯಾದರೂ ಲಗ್ನಪತ್ರಿಕೆಯ ಒಕ್ಕಣೆ ನನ್ನದೇ. "ನಿಮಗೇನ್ರಿ ಟೀಚರ್, ಎಡಗೈ ಕೆಲಸ," ಅನ್ನುತ್ತಾರೆ. ಪುಕ್ಕಟೆಯಾಗಿ ಊರ ಜನರನ್ನೆಲ್ಲ ಹೊಗಳಿ ಹೊಗಳಿ ನನ್ನ ಕೈ ಸವೆದಿದೆ, ನಮ್ಮಜ್ಜಿಗೆ ಒಂದು ಸಾಲು ಉಳಿದಿಲ್ಲ.

ಗಂಡನಿಗೆ ಹೇಳಿಕೊಂಡೆ. ಕೆಟ್ಟ ಮನುಷ್ಯನಲ್ಲ, ಉಪಾಯ ಹುಡುಕುವ ಮನುಷ್ಯ. ನನ್ನ ಫೋನಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟರು. "ನಿನಗ ಟೈಮ್ ಮ್ಯಾನೇಜ್ ಮಾಡಾಕ ಬರೂದಿಲ್ಲ, ಅಷ್ಟ. ಇದು ಹೇಳಿದಾಗ ಕುಂದ್ರು, ಇದು ಹೇಳಿದಾಗ ಏಳು." ಮರುದಿನ ಬೆಳಿಗ್ಗೆ ಅದು ಟಿಂಗ್ ಎಂದಿತು. ನಾನು ಕೂತೆ. ಕೂತ ಮರುಕ್ಷಣ ಅದೇ ಗಂಡನ ದನಿ: "ಏ, ನನ್ನ ಸಾಕ್ಸ್ ಎಲ್ಲಿ ಅದಾವ?" ಹಿಂದೆಯೇ ಮಾವ: "ಯವ್ವಾ, ನನ್ನ ಚಷ್ಮಾ ಕಂಡಿಯೇನ?" ಚಷ್ಮಾ ಅವರ ತಲೆಯ ಮೇಲೆಯೇ ಇತ್ತು. ಆ್ಯಪ್ ಮತ್ತೆ ಟಿಂಗ್ ಎಂದು, ಇವತ್ತು ನೀವು ಗುರಿ ಮುಟ್ಟಲಿಲ್ಲ ಎಂದು ಬುದ್ಧಿ ಹೇಳಿತು. ಫೋನನ್ನು ಗೋಡೆಗೆ ಒಗೆಯಬೇಕೆನಿಸಿತು. ಕಂತು ಇನ್ನೂ ತೀರಿರಲಿಲ್ಲ, ಒಗೆಯಲಿಲ್ಲ.

ಇಡೀ ಮನೆಯಲ್ಲಿ ಯಾರೂ ತಡೆಯದ ಒಬ್ಬರೇ ಒಬ್ಬರಿದ್ದರು, ನಮ್ಮ ಅತ್ತೆ. ದಿನವೂ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ದೇವರ ಕೋಣೆಯ ಬಾಗಿಲು ಮುಂದೆ ಮಾಡಿ ಲಿಂಗಪೂಜೆಗೆ ಕೂಡುತ್ತಿದ್ದರು. ಲಿಂಗ ಅಂಗೈಗೆ ಬಂತೆಂದರೆ ಮುಗಿಯಿತು. ಸ್ವಂತ ತಮ್ಮ ಹುಕ್ಕೇರಿಯಿಂದ ಬಂದು ಬಾಗಿಲಲ್ಲಿ ನಿಂತರೂ "ಪೂಜಿಗೆ ಕುಂತಾರ, ಕುಂದರ್ರಿ" ಅನ್ನುತ್ತಿದ್ದರೇ ಹೊರತು ಯಾರೂ ಕರೆಯುತ್ತಿರಲಿಲ್ಲ. ಸಾಕ್ಸೂ ಇಲ್ಲ, ಚಷ್ಮಾವೂ ಇಲ್ಲ.

ಲಿಂಗ ನನ್ನ ಕೊರಳಲ್ಲೂ ಇತ್ತಲ್ಲ! ಗಡಿಬಿಡಿಯಲ್ಲಿ ಕಣ್ಣಿಗೊತ್ತಿಕೊಂಡು ಓಡುತ್ತಿದ್ದವಳು ಒಂದು ದಿನ ಅತ್ತೆಗೆ, "ನಿಮ್ಮ ಪೂಜಿ ಮುಗದ ಮ್ಯಾಲ ನಾನೂ ಕುಂದರತೇನ್ರಿ ಅತ್ತಿ," ಎಂದೆ. ಮನೆಮಂದಿಗೆಲ್ಲ ಸಂತೋಷ. ಸೊಸೆಗೆ ಭಕ್ತಿ ಬಂತೆಂದು ಮಾವ ಓಣಿಯಲ್ಲೆಲ್ಲ ಹೇಳಿಕೊಂಡು ಬಂದರು. ರಾತ್ರಿಯೇ ಕಾಯಿಪಲ್ಯ ಹೆಚ್ಚಿ, ಹಿಟ್ಟು ನಾದಿ ಇಟ್ಟೆ. ಬೆಳಿಗ್ಗೆ ಪೂಜೆಯನ್ನು ಪೂಜೆಯಂತೆಯೇ ಮಾಡಿದೆ, ಅದರಲ್ಲಿ ಮೋಸವಿಲ್ಲ. ಮುಗಿದ ಮೇಲೆ ಲಿಂಗವನ್ನು ಕಟ್ಟಿಕೊಂಡೆ, ಸೆರಗಿನೊಳಗಿನ ಹಾಳೆಗಳನ್ನು ತೆಗೆದೆ. ಅಜ್ಜಿ ಹೆಜ್ಜೆ ಕಿತ್ತಿಟ್ಟಳು. ಹಳ್ಳ ದಾಟಿದಳು. ದಿನಕ್ಕೊಂದು ಪುಟ, ಕೆಲವೊಮ್ಮೆ ಎರಡು.

ಶ್ರಾವಣ ಮುಗಿಯುವ ಹೊತ್ತಿಗೆ ಸಿಕ್ಕಿಬಿದ್ದೆ. ಅತ್ತೆ ವಿಭೂತಿಯ ಗಟ್ಟಿ ತೆಗೆದುಕೊಳ್ಳಲು ಸದ್ದಿಲ್ಲದೆ ಒಳಗೆ ಬಂದರು. ನನ್ನ ಹಣೆಯ ಮೇಲೆ ವಿಭೂತಿ, ಕೈಯಲ್ಲಿ ಪೆನ್ನು, ಸುತ್ತ ಹಾಳೆಗಳು. ಬೈದರೆ ತಿರುಗಿ ಬೈಯಲು ನಾನು ಸಜ್ಜಾಗಿಯೇ ಇದ್ದೆ. ಅವರು ಬಾಗಿಲು ಮುಂದೆ ಮಾಡಿ, ನನ್ನ ಬಾಜೂ ಕೂತರು.

"ಪೂಜಿ ಮಾಡಿಯಲ್ಲ?"

"ಮಾಡೇನ್ರಿ."

"ಹಂಗಾರ ಆತು ಬಿಡು. ನಂದೂ ಪೂಜಿ ಲಗೂನ ಮುಗೀತೈತಿ. ಉಳದ ಹೊತ್ತು ಗ್ವಾಡಿಗೆ ಆತಗೊಂಡ ಸುಮ್ಮನ ಕುಂದರತೇನಿ. ಹೊರಗ ಬಂದ್ರ ಕೆಲಸಕ್ಕ ಹಿಡೀತಾರಲ್ಲವಾ. ಈ ಮನಿಗೆ ಬಂದಾಗಿಂದ ಹಂಗ ಮಾಡೇನಿ."

ಹೇಳಿ ನಕ್ಕರು, ಬಾಯಿಗೆ ಸೆರಗು ಒತ್ತಿಕೊಂಡು. ನನಗೆ ನಗು ಬರಲಿಲ್ಲ. ಮೈಯೆಲ್ಲ ಉರಿಯಿತು. ಈ ಹೆಂಗಸು ಮೊಮ್ಮಗಳನ್ನು ಕಂಡವಳು, ಈ ಮನೆಯ ಯಜಮಾನಿ. ಒಂದು ಗಳಿಗೆ ಸುಮ್ಮನೆ ಕೂಡಲು ಇವಳಿಗೂ ದೇವರ ಮರೆ ಬೇಕಾಯಿತೇ? ಬೇಡಿಕೊಳ್ಳುವುದು ಬಿಟ್ಟು, ಕದಿಯುವುದು ಬಿಟ್ಟು, ನಮ್ಮ ಹೊತ್ತನ್ನು ನಮ್ಮದು ಎಂದು ಹೇಳಲು ನಮಗೆ ಬಾಯಿ ಇರಲಿಲ್ಲವೇ? ಇಷ್ಟು ದಿನ ನನ್ನ ಜಾಣತನಕ್ಕೆ ನಾನೇ ಬೀಗುತ್ತಿದ್ದೆ. ಇದು ಜಾಣತನವಲ್ಲ, ಎರಡು ತಲೆಮಾರಿನ ಅಂಜಿಕೆ. 

ಮರುದಿನ ಬೆಳಿಗ್ಗೆ ಪೂಜೆ ಮುಗಿಸಿ ಹೊರಗೆ ಬಂದೆ. ಪಡಸಾಲೆಯ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದೆ: "ನನ್ನ ಪೂಜಿ ಮುಗೀತು. ಈಗ ಬರ್ಯಾಕ ಕುಂದರತೇನಿ. ನಾನ ಹೊರಗ ಬರೂತನಕ ಯಾರೂ ಕರೀಬ್ಯಾಡ್ರಿ." ಮಲಗುವ ಕೋಣೆಗೆ ಹೋಗಿ ಬಾಗಿಲು ಹಾಕಿದೆ, ಚಿಲಕವನ್ನೂ ಹಾಕಿದೆ.

ಒಂದು ಸಾಲು ಬರೆದಿರಲಿಲ್ಲ, ಬಾಗಿಲು ಬಡಿದರು. ಗಂಡ.

"ಏ, ಬರಿಯೂದಲ್ಲ? ಆಮ್ಯಾಲ ಬರಿ. ಒಂದೀಟ ಚಾ ಮಾಡಿ ಹೋಗು."

ನೋಡಿ. ಪೂಜೆ ಅಂದಾಗ ಉಸಿರು ಬಿಡದೆ ಕಾದ ಮನುಷ್ಯ!

ಹೊರಗಿನಿಂದ ಅತ್ತೆಯ ದನಿ ಕೇಳಿತು, ನನ್ನನ್ನು ಪಾರುಮಾಡಲೆಂದು. "ಬಡೀಬ್ಯಾಡೋ, ಪೂಜಿಗೆ ಕುಂತಾಳ."

"ಇಲ್ಲರಿ ಅತ್ತಿ!" ನಾನು ಒಳಗಿನಿಂದಲೇ ಒದರಿದೆ. ಓಣಿಗೆಲ್ಲ ಕೇಳಿರಬೇಕು. "ಪೂಜಿ ಅಲ್ಲ! ನಾ ಬರ್ಯಾಕತ್ತೇನಿ! ಬರ್ಯಾಕತ್ತೇನಿ ಅಂತ ಹೇಳ್ರಿ!"

ಗಂಡ ಮತ್ತೊಮ್ಮೆ ಬಡಿದರು, ಈ ಸಲ ಮೆಲ್ಲಗೆ. ನಾನು ತೆಗೆಯಲಿಲ್ಲ. ಅಕ್ಷರಗಳು ಸೊಟ್ಟ ಬೀಳುತ್ತಿದ್ದವು, ಆದರೂ ಬರೆದೆ.

ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಹೇಳಿದ್ದು ಕೇಳಿಸಿತು. "ಅಕಿ ಬರ್ಯಾಕತ್ಯಾಳ. ಚಾ ನೀನ ಮಾಡ್ಕೋ. ನನಗೂ ಒಂದ್ ಕಪ್ ಮಾಡು."

ಅಡುಗೆಮನೆಯಲ್ಲಿ ಡಬ್ಬಿಗಳ ಸದ್ದು. ಸಕ್ಕರೆ ಎಲ್ಲಿದೆ ಎಂದು ಯಾರೋ ಯಾರನ್ನೋ ಕೇಳಿದರು. ಆಮೇಲೆ ಹಾಲು ಉಕ್ಕಿ ಒಲೆಯ ಮೇಲೆ ಸುಟ್ಟ ವಾಸನೆ ಬಾಗಿಲ ಸಂದಿಯಿಂದ ಒಳಗೆ ಬಂತು. ಇಷ್ಟು ವರ್ಷ ಆ ವಾಸನೆಗೆ ನಾನು ನಿದ್ದೆಯಲ್ಲೂ ಎದ್ದು ಓಡಿದವಳು. ಕಾಲುಗಳು ತಾವಾಗಿಯೇ ನೆಲ ಮುಟ್ಟಿದವು. ಉಕ್ಕಲಿ ಎಂದು ಮತ್ತೆ ಕೂತೆ. ಹಾಲೆಲ್ಲ ಉಕ್ಕಿ ಹೋಗುವಷ್ಟರಲ್ಲಿ ನಮ್ಮಜ್ಜಿ ಖಾನಾಪುರದ ಸಂತೆ ಮುಟ್ಟಿದಳು, ಒಂದು ಜಾಗ ಹಿಡಿದಳು, ತಲೆಯ ಮೇಲಿನ ಗಡಿಗೆಯನ್ನು ತನ್ನ ಕೈಯಾರೆ ಇಳಿಸಿದಳು.