ಲಗ್ನಪತ್ರಿಕೆಯಲ್ಲಿ ಬಿ.ಎ.

ಗೆಳೆಯರೇ, ಇವತ್ತು ಯಾದಗಿರಿಯ ನಮ್ಮ ಸಣ್ಣ ಕಾಲೇಜಿನಲ್ಲಿ ಓದು ಬಿಟ್ಟವರ ಪಟ್ಟಿ ಬರೆಯುತ್ತ ಕೂತಿದ್ದೆ. ಹತ್ತಿಕುಣಿಯಿಂದ ಬರುವ ಅಂತಿಮ ವರ್ಷದ ಮಾಳಮ್ಮ, ಅಪ್ಪನ ಜೊತೆ ಬಂದು ತನ್ನ ಲಗ್ನಪತ್ರಿಕೆ ಕೊಟ್ಟಳು. ಹೆಸರಿನ ಮುಂದೆ ಆಗಲೇ 'ಬಿ.ಎ.' ಎಂದು ಅಚ್ಚಾಗಿದೆ. ಮದುವೆ ಇಟ್ಟುಕೊಂಡಿರುವುದು ಅವಳ ಕೊನೆಯ ಪೇಪರಿನ ದಿನವೇ.

"ಪರೀಕ್ಷಾ ಬರೀಲಾರದ ಬಿ.ಎ. ಹೆಂಗ ಆಗ್ತದ್ರಿ ಯಜಮಾನ್ರ?" ಎಂದೆ.

"ಪರೀಕ್ಷಾ ಮುಂದಿನ ವರ್ಷನೂ ಬರ್ತದ್ರಿ ಸರ್, ಇಂಥಾ ವರ ಬರಂಗಿಲ್ಲ. ಬೀಗರು ಓದಿದ ಹುಡುಗಿ ಬೇಕಂದ್ರು, ಹಾಕಿಸೀವ್ರಿ."

ಮಾಳಮ್ಮ ಮೆಲ್ಲಗೆ ಕೇಳಿದಳು, "ಸರ್, ನನ್ನ ಹಾಲ್ ಟಿಕೆಟ್ ಬಂದದೇನ್ರಿ?"

ಕೊಟ್ಟೆ. ಲಗ್ನಪತ್ರಿಕೆಗಳ ಕಟ್ಟಿನೊಳಗೆ ಸೇರಿಸಿಕೊಂಡು ಹೋದಳು.

ಅವಳ ಹೆಸರನ್ನೂ ಪಟ್ಟಿಗೆ ಬರೆದೆ. ಪದವಿ ಕೊಡುವುದರಲ್ಲಿ ನಮಗಿಂತ ಪ್ರಿಂಟಿಂಗ್ ಪ್ರೆಸ್ಸಿನವರೇ ವಾಸಿ.