ಠಾಣೆಗೆ ಲಾಕಪ್ ಇರಲಿಲ್ಲ, ನನ್ನ ಕ್ಲಿನಿಕ್ಕಿಗೆ ಚಿಲಕವಿತ್ತು

ವರ್ಲ್ಡ್ ಕಪ್ಪಿಗೆ ಮುಂಚಿನ ಎರಡು ವರ್ಷ ನಾನು ಕತಾರಿನ ಒಂದು ಲೇಬರ್ ಕ್ಯಾಂಪಿನ ಕ್ಲಿನಿಕ್ಕಿನಲ್ಲಿ ನರ್ಸ್ ಆಗಿದ್ದೆ. ಗಂಡಸು ನರ್ಸು, ಆದ್ದರಿಂದ ಎಲ್ಲರಿಗೂ ‘ಬ್ರದರ್’. ಮನೆ ದೋಹಾದ ಬಿನ್ ಒಮ್ರಾನಿನಲ್ಲಿ, ಕೆಲಸ ಅಲ್ಲಿಂದ ಒಂದೂಕಾಲು ಗಂಟೆ ದೂರದ ಮರಳುಗಾಡಿನಲ್ಲಿ. ಮಂಡ್ಯದ ನೆಂಟರು ಫೋನಿನಲ್ಲಿ “ಸ್ಟೇಡಿಯಂ ನೋಡ್ದಾ?” ಎಂದು ಕೇಳುತ್ತಿದ್ದರು. ನಾನು ನೋಡುತ್ತಿದ್ದದ್ದು ಕಾಲಿನ ಹುಣ್ಣು, ತೊಡೆಸಂದಿನ ಹುಳಕಡ್ಡಿ, ಬಿಸಿಲಿಗೆ ಬಿದ್ದವರ ವಾಂತಿ. ಆ ಎರಡು ವರ್ಷದ ಬಗ್ಗೆ ಯಾರಾದರೂ ಹೆಮ್ಮೆಯಿಂದ ಮಾತಾಡಿದರೆ ನನಗೆ ಈಗಲೂ ಮೈ ಉರಿಯುತ್ತದೆ.

ಕ್ಯಾಂಪಿನ ಗೇಟಿನಿಂದ ಕೂಗಳತೆಯ ದೂರದಲ್ಲಿ ಒಂದು ಪೊಲೀಸ್ ಹೊರಠಾಣೆ ಇತ್ತು. ಎರಡು ಪೋರ್ಟಾ ಕ್ಯಾಬಿನ್, ಒಂದು ಜೀಪು, ಮೂವರು ಶುರ್ತಾಗಳು. ಪೊಲೀಸರನ್ನು ಅಲ್ಲಿ ಎಲ್ಲರೂ ಕರೆಯುವುದು ಹಾಗೆಯೇ. ಲಾಕಪ್ ಮಾತ್ರ ಇರಲಿಲ್ಲ. ಯಾರನ್ನಾದರೂ ಹಿಡಿದರೆ ದೊಡ್ಡ ಠಾಣೆಗೆ ಫೋನು ಮಾಡಬೇಕು, ಅಲ್ಲಿಂದ ಗಾಡಿ ಬಂದು ಕರೆದುಕೊಂಡು ಹೋಗಬೇಕು. ಆ ದಿನಗಳಲ್ಲಿ ಗಾಡಿಗಳೆಲ್ಲ ದೋಹಾದಲ್ಲಿ ಪಂದ್ಯದ ಬಂದೋಬಸ್ತಿನ ತಾಲೀಮಿಗೆ ಹೋಗಿರುತ್ತಿದ್ದವು. ಗುರುವಾರ ಮಧ್ಯಾಹ್ನ ಹಿಡಿದವನಿಗೆ ಭಾನುವಾರ ಬೆಳಿಗ್ಗೆ ಗಾಡಿ. ಅಲ್ಲಿಯ ತನಕ ಅವನನ್ನು ಎಲ್ಲಿ ಇಡುವುದು?

ಮೊದಲು ಸಾರ್ಜೆಂಟ್ ತನ್ನ ಚಹಾದ ಕೋಣೆಯಲ್ಲೇ ಕೂರಿಸಿಕೊಳ್ಳುತ್ತಿದ್ದ. ಹಿಡಿದವನೂ ಹಿಡಿಸಿಕೊಂಡವನೂ ದಿನವಿಡೀ ಎದುರುಬದುರು ಕೂತು ಹಾಲಿಲ್ಲದ ಸುಲೈಮಾನಿ ಚಹಾ ಕುಡಿಯುವುದು. ಒಮ್ಮೆ ಒಬ್ಬನನ್ನು ಜೀಪಿನ ಹಿಂದಿನ ಸೀಟಿನಲ್ಲಿ ಏಸಿ ಹಾಕಿ ಕೂರಿಸಿದರು, ಮಧ್ಯಾಹ್ನದ ಹೊತ್ತಿಗೆ ಪೆಟ್ರೋಲು ಮುಗಿಯಿತು. ಇನ್ನೊಬ್ಬನ ಕೈಗೆ ಕೋಳ ಹಾಕಿ ವಾಟರ್ ಕೂಲರಿನ ಕಂಬಕ್ಕೆ ಸಿಕ್ಕಿಸಿದರು. ನೀರು ಹಿಡಿಯಲು ಬಂದವರೆಲ್ಲ ಅವನ ಜೊತೆ ಸೆಲ್ಫಿ ತೆಗೆದುಕೊಂಡು ಹೋದರು. ಸಾರ್ಜೆಂಟ್ ಕೆಟ್ಟವನಲ್ಲ. ಹೊಟ್ಟೆಯುರಿಗೆಂದು ವಾರಕ್ಕೊಮ್ಮೆ ನನ್ನ ಹತ್ತಿರ ಮಾತ್ರೆಗೆ ಬರುತ್ತಿದ್ದ. ಹಾಗೆ ಬಂದ ಒಂದು ದಿನ ಅವನ ಕಣ್ಣು ನನ್ನ ಐಸೊಲೇಶನ್ ರೂಮಿನ ಮೇಲೆ ಬಿತ್ತು.

ಕೊರೋನಾ ಕಾಲದಲ್ಲಿ ಮಾಡಿದ್ದ ರೂಮು ಅದು. ಎರಡು ಮಂಚ, ಕಿಟಕಿ ಇಲ್ಲ, ಬಾಗಿಲಿಗೆ ಹೊರಗಿನಿಂದ ಚಿಲಕ. ರೋಗಿಗಳು ಓಡಿಹೋಗಬಾರದೆಂದು ಹಾಕಿಸಿದ್ದರು. ಕೊರೋನಾ ಹೋಯಿತು, ಚಿಲಕ ಉಳಿಯಿತು.

ನಮ್ಮ ಕ್ಯಾಂಪ್ ಅಡ್ಮಿನ್ ಬೆಂಗಳೂರಿನವರು. ಇಸ್ತ್ರಿ ಮಾಡಿದ ಶರ್ಟು, ಮುಖದ ಮೇಲೆ ಸದಾ ನಗು. ನಾನು ತಕರಾರು ಎತ್ತಿದಾಗ ಹೆಗಲ ಮೇಲೆ ಕೈಹಾಕಿ, “ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಬ್ರದರ್. ಪೊಲೀಸರ ಹತ್ರ ರಿಲೇಶನ್ ಚೆನ್ನಾಗಿರ್ಬೇಕು. ರಿಜಿಸ್ಟರ್‌ನಲ್ಲಿ ‘ಅಬ್ಸರ್ವೇಶನ್’ ಅಂತ ಬರ್ಕೊಳ್ಳಿ, ಆಯ್ತು” ಎಂದರು.

ಅಲ್ಲಿಂದ ಮುಂದೆ ನಾನು ಜೈಲರು. ಕುಡಿದು ಸಿಕ್ಕವನು, ಹೊಡೆದಾಡಿದವನು, ಕಾಗದಪತ್ರ ಇಲ್ಲದೆ ಸಿಕ್ಕವನು, ಎಲ್ಲರೂ ನನ್ನ ರಿಜಿಸ್ಟರಿನಲ್ಲಿ ಅಬ್ಸರ್ವೇಶನ್ನಿಗೆ ಬಂದ ರೋಗಿಗಳು. ಜ್ವರ ನೋಡಿ, ಬಿಪಿ ನೋಡಿ ಬರೆಯುತ್ತಿದ್ದೆ. ಒಳಗೆ ಕಕ್ಕಸು ಇರಲಿಲ್ಲವಾದ್ದರಿಂದ ಒಂದು ಪೇಂಟಿನ ಬಕೆಟ್ಟು ಇಟ್ಟಿದ್ದೆ. ಬೆಳಿಗ್ಗೆ ಬಾಗಿಲು ತೆರೆದರೆ ಉಚ್ಚೆ, ಫಿನಾಯಿಲು, ಭಯದ ಬೆವರು ಎಲ್ಲ ಬೆರೆತ ಒಂದು ವಾಸನೆ ಮುಖಕ್ಕೆ ರಾಚುತ್ತಿತ್ತು. ಮನೆಗೆ ಹೋಗಿ ಎರಡು ಸಲ ಸೋಪು ಹಚ್ಚಿದರೂ ಊಟಕ್ಕೆ ಕೂತಾಗ ಬೆರಳಲ್ಲಿ ಅದೇ ವಾಸನೆ ಇದೆ ಅನ್ನಿಸುತ್ತಿತ್ತು.

ಇದಕ್ಕಿಂತ ಹೇಸಿಗೆಯದು ಇನ್ನೊಂದಿತ್ತು. ಬಿಸಿಲಿಗೆ ಬಿದ್ದವರನ್ನು ರಿಜಿಸ್ಟರಿನಲ್ಲಿ ಬರೆಯುವ ಹಾಗಿರಲಿಲ್ಲ. ಕ್ಯಾಂಪಿನ ಗೇಟಿನಲ್ಲಿ ಒಂದು ಬೋರ್ಡು, ಬಿಸಿಲಿನ ಒಂದೂ ಕೇಸಿಲ್ಲದೆ ಎಷ್ಟು ದಿನ ಕಳೆಯಿತು ಎಂದು ದಿನಾ ಅದರ ಮೇಲೆ ಅಂಕಿ ಬದಲಾಯಿಸುತ್ತಿದ್ದರು. ಸೂಟು ಹಾಕಿದ ಪರದೇಶದವರು ಬಂದು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆ ಅಂಕಿ ಮತ್ತೆ ಸೊನ್ನೆಗೆ ಬರಬಾರದೆಂದು ಅಡ್ಮಿನ್ ಸಾಹೇಬರ ಬಾಯಿಮಾತಿನ ಆರ್ಡರ್. ಡ್ರಿಪ್ಪು ಹಾಕು, ಬರೆಯಬೇಡ. ಖರ್ಚಾದ ಸಲೈನ್ ಬಾಟಲಿಗಳನ್ನು ‘ಅವಧಿ ಮುಗಿದಿದೆ, ಬಿಸಾಡಿದೆ’ ಎಂದು ತೋರಿಸು. ತೋರಿಸಿದೆ. ನನ್ನದೇ ಕೈ, ನನ್ನದೇ ಸಹಿ. ಹುಷಾರಾಗಿದ್ದವರನ್ನು ರೋಗಿ ಎಂದು ಬರೆದೆ, ರೋಗಿಗಳನ್ನು ಬರೆಯಲೇ ಇಲ್ಲ. ಥೂ, ಎಂಥ ನರ್ಸು!

ಎರಡನೆಯ ಬೇಸಿಗೆಯ ಒಂದು ಗುರುವಾರ ಸಾರ್ಜೆಂಟ್ ಒಬ್ಬನನ್ನು ಕರೆತಂದ. ನೋಡಿದ ಕೂಡಲೇ ಗುರುತು ಸಿಕ್ಕಿತು. ಕಬ್ಬಿಣದ ಸರಳು ಕಟ್ಟುವವನು, ವಿಜಯಪುರದ ಇಂಡಿ ಕಡೆಯವನು, ಮೂವತ್ತರ ಆಸುಪಾಸು. ಅವನಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಬರುತ್ತಿರಲಿಲ್ಲ. ಎರಡು ದಿನದ ಹಿಂದೆ, ಮಂಗಳವಾರ ಬೆಳಿಗ್ಗೆ ಒಂಬತ್ತೂವರೆಯ ಸುಮಾರಿಗೆ, ಸೈಟಿನ ಸ್ಟೋರಿನ ಹಿಂದೆ ಬಿಸಿಲಿಗೆ ಬಿದ್ದಿದ್ದವನು ಇವನೇ. ಇಬ್ಬರು ಹೊತ್ತು ತಂದಿದ್ದರು. ಸಂಜೆ ನಾಲ್ಕರವರೆಗೆ ಇದೇ ರೂಮಿನ ಇದೇ ಮಂಚದ ಮೇಲೆ ಮಲಗಿಸಿ ಎರಡು ಬಾಟಲಿ ಸಲೈನ್ ಕೊಟ್ಟಿದ್ದೆ.

“ಏನು ಮಾಡಿದ?” ಎಂದೆ.

“ಹರಾಮಿ. ಕೇಬಲ್ ಚೋರಿ,” ಎಂದ ಸಾರ್ಜೆಂಟ್. ಮಂಗಳವಾರ ಮಧ್ಯಾಹ್ನದ ವಿರಾಮದ ಹೊತ್ತು ಯಾರೋ ಸ್ಟೋರಿನ ಹಿಂದಿನಿಂದ ತಾಮ್ರದ ಕೇಬಲ್ ಕತ್ತರಿಸಿಕೊಂಡು ಹೋಗಿದ್ದರು. ಅಲ್ಲಿ ಒಂದು ಹೆಲ್ಮೆಟ್ಟು ಸಿಕ್ಕಿತ್ತು, ಅದರ ಮೇಲೆ ಇವನ ನಂಬರು. ಇವನು ಬಿದ್ದಾಗ ಉರುಳಿ ಹೋಗಿದ್ದ ಹೆಲ್ಮೆಟ್ಟು. ನನಗೆ ಎಲ್ಲವೂ ಅಲ್ಲೇ ಅರ್ಥವಾಯಿತು. ಚಿಲಕ ಹಾಕಿದೆ.

ಸಾರ್ಜೆಂಟ್ ಹೋದ ಮೇಲೆ ಒಳಗಿನಿಂದ ದನಿ ಬಂತು. “ಅಣ್ಣಾರ, ಅವತ್ತ ನಾ ಇಲ್ಲೇ ಮಕ್ಕೊಂಡಿದ್ನಲ್ರೀ. ನೀವಾ ಸಲೈನ್ ಹಚ್ಚಿದ್ರಿ. ಅವ್ರಿಗಿ ಹೇಳ್ರಿ ಅಷ್ಟ.”

“ಹೇಳ್ತೀನಪ್ಪ,” ಎಂದೆ.

“ಕಳ್ಳ ಅಂತ ಹೆಸರ ಹಚ್ಚಿ ಕಳಿಸಿದ್ರ ಊರಾಗ ಮಾರಿ ಹ್ಯಾಂಗ ತೋರಸ್ಲಿರಿ? ನಮ್ಮವ್ವ ಮಂದ್ಯಾಗ ಓಡಾಡಬೇಕಲ್ರಿ.”

ಅಡ್ಮಿನ್ ಹತ್ತಿರ ಹೋಗಿ ವಿಷಯ ಹೇಳಿದೆ. ಅವರ ನಗು ಸ್ವಲ್ಪವೂ ಮಾಸಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, “ಹೇಳಿ ಬ್ರದರ್, ನಾನೇನು ಬೇಡ ಅಂತೀನಾ? ಆದ್ರೆ ರಿಜಿಸ್ಟರ್‌ನಲ್ಲಿ ಯಾಕಿಲ್ಲ ಅಂತ ಅವರು ಕೇಳ್ತಾರೆ. ಬಾಟ್ಲಿ ಲೆಕ್ಕ ಕೇಳ್ತಾರೆ. ಸಹಿ ನಿಮ್ದೇ ಅಲ್ವಾ? ನರ್ಸಿಂಗ್ ಲೈಸೆನ್ಸ್ ಹೋದ್ರೆ ಊರಲ್ಲೂ ಕಷ್ಟ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು” ಎಂದರು. ಆರ್ಡರ್ ಅವರದ್ದೇ ಎಂಬುದು ಇಬ್ಬರಿಗೂ ಗೊತ್ತಿತ್ತು. ಅದನ್ನು ತೋರಿಸಲು ಒಂದು ಚೀಟಿಯೂ ನನ್ನ ಬಳಿ ಇರಲಿಲ್ಲ. ಹೊತ್ತು ತಂದಿದ್ದ ಇಬ್ಬರನ್ನೂ ಬುಧವಾರವೇ ಬೇರೆ ಸೈಟಿಗೆ ಕಳಿಸಿಯಾಗಿತ್ತು. ಆ ಮನುಷ್ಯ ನನಗೆ ಒಂದು ಕಪ್ ಕಾಫಿ ತರಿಸಿ ಕೊಟ್ಟರು. ನಾನು ಅದನ್ನು ಪೂರ್ತಿ ಕುಡಿದೆ.

ಶುಕ್ರವಾರ ರಜೆ. ಬಿನ್ ಒಮ್ರಾನಿನ ಮನೆಯಲ್ಲಿ ಮಗನ ಹೋಂವರ್ಕ್, ತರಕಾರಿ, ಸಂಜೆ ಗೆಳೆಯರ ಜೊತೆ ಪಂದ್ಯದ ಟಿಕೆಟ್ಟಿನ ಮಾತು. ಹೆಂಡತಿಗೆ ವಿಷಯ ಹೇಳಲಿಲ್ಲ. ಹೇಳಿದ್ದರೆ ಅವಳು “ಹೋಗಿ ಹೇಳ್ಬಿಡಿ” ಎನ್ನುತ್ತಿದ್ದಳು. ಅದಕ್ಕೇ ಹೇಳಲಿಲ್ಲ.

ಶನಿವಾರ ಹೋದಾಗ ಅವನು ಮಂಚದ ಅಂಚಿನಲ್ಲಿ ಕೂತಿದ್ದ. ಬಕೆಟ್ಟನ್ನು ಮೂಲೆಗೆ ತಳ್ಳಿ, ಮೇಲೆ ತನ್ನ ಬನಿಯನ್ ಮುಚ್ಚಿದ್ದ. ನನಗೆ ವಾಸನೆ ಹೊಡೆಯಬಾರದೆಂದು! “ಹೇಳಿದ್ರೇನ್ರಿ?” ಎಂದು ಕೇಳಿದ. ಗಾಡಿ ಬಂದಾಗ ದೊಡ್ಡ ಆಫೀಸರಿಗೇ ಹೇಳುತ್ತೇನೆ ಎಂದೆ. ಅಷ್ಟಕ್ಕೇ ಅವನ ಮುಖ ಅರಳಿತು. ಊಟ ತಂದಿದ್ದ ಮೆಸ್ಸಿನ ಸೂಪರ್‌ವೈಸರ್ ಬಂಟ್ವಾಳದ ಬ್ಯಾರಿ, ಹಳೆಯ ಮನುಷ್ಯ. ಬಾಗಿಲ ಬಳಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಹೊರಗೆ ಬಂದ ಮೇಲೆ ನನ್ನ ತೋಳು ಹಿಡಿದು, “ನೀವು ಹೇಳ್ತೀರಲ್ವಾ ಮಾರಾಯ್ರೆ? ಇಲ್ಲ ಸುಮ್ಮನೆ ಹೇಳ್ತೇನೆ ಹೇಳ್ತೇನೆ ಅಂತ ಹೇಳುದಾ?” ಎಂದರು. ನನಗೆ ಸಿಟ್ಟು ಬಂತು. “ನಿಮ್ಮ ಕೆಲಸ ನೀವು ನೋಡ್ಕೊಳ್ಳಿ” ಎಂದುಬಿಟ್ಟೆ. ನಿಜ ಹೇಳಿದವರ ಮೇಲೆ ಬಂದ ಸಿಟ್ಟು ಅದು.

ಭಾನುವಾರ ಹತ್ತು ಗಂಟೆಗೆ ಗಾಡಿ ಬಂತು. ಫೈಲು ಹಿಡಿದ ಆಫೀಸರ್ ಚಿಕ್ಕ ವಯಸ್ಸಿನವನು, ಸ್ವಚ್ಛ ಇಂಗ್ಲಿಷ್ ಆಡುತ್ತಿದ್ದ, ಅವಸರವೂ ಇರಲಿಲ್ಲ. ನನ್ನ ಕುರ್ಚಿಯಲ್ಲಿ ಕೂತ. ಪಕ್ಕದಲ್ಲಿ ಸಾರ್ಜೆಂಟ್, ಬಾಗಿಲಲ್ಲಿ ನಮ್ಮ ಅಡ್ಮಿನ್. ಪೊಲೀಸರಿಗೆ ಕನ್ನಡ ಬಾರದು, ಕನ್ನಡ ಬಲ್ಲ ಅಡ್ಮಿನ್ ಅನುವಾದಕ್ಕೆ ನನ್ನನ್ನೇ ಮುಂದೆ ಮಾಡಿದರು. “ಅವನಿಗೆ ಏನಾದರೂ ಹೇಳುವುದಿದೆಯೇ, ಕೇಳು” ಎಂದ ಆಫೀಸರ್.

ಕೇಳಿದೆ. ಅವನು ಎದ್ದು ನಿಂತ. “ನಾ ಕಳವು ಮಾಡಿಲ್ರಿ. ಆ ಹೊತ್ತಿನ್ಯಾಗ ನಾ ಇಲ್ಲೇ ಇದ್ದೆ, ಈ ಮಂಚದ ಮ್ಯಾಲ. ಈ ಅಣ್ಣಾರ ನನಗ ಸಲೈನ್ ಹಚ್ಚಿ ಉಳಿಸ್ಯಾರ. ಅವ್ರನ್ನ ಕೇಳ್ರಿ.” ಹೇಳುತ್ತಾ ನನ್ನ ಕಡೆ ಕೈ ತೋರಿಸಿದ.

ನಾನು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟೇ: ಅವನು ಕದ್ದಿಲ್ಲ ಅನ್ನುತ್ತಾನೆ, ಅವತ್ತು ಮೈ ಹುಷಾರಿರಲಿಲ್ಲ ಅನ್ನುತ್ತಾನೆ.

ಆಫೀಸರ್ ದಡ್ಡನಲ್ಲ. “ಹುಷಾರಿಲ್ಲದಿದ್ದರೆ ಇಲ್ಲಿಗೆ ಬಂದಿರಬೇಕಲ್ಲ? ರಿಜಿಸ್ಟರ್ ಕೊಡು,” ಎಂದ. ನನಗೆ ಅದು ಕೊನೆಯ ಅವಕಾಶ. ಬಂದಿದ್ದ, ನಾನು ಬರೆಯಲಿಲ್ಲ. ಮೂರು ಪದ, ಅಷ್ಟೇ. ರಿಜಿಸ್ಟರ್ ತೆಗೆದು, ಮಂಗಳವಾರದ ಪುಟ ಬಿಡಿಸಿ, ಎರಡೂ ಕೈಯಲ್ಲಿ ಅವನ ಮುಂದೆ ಇಟ್ಟೆ. ಒಬ್ಬನಿಗೆ ಹಲ್ಲುನೋವು, ಒಬ್ಬನಿಗೆ ಬೆರಳು ಕೊಯ್ದದ್ದು. ಅವನು ಬೆರಳಾಡಿಸಿ ನೋಡಿದ. ಸಾರ್ಜೆಂಟ್ ಕಡೆ ತಿರುಗಿ, “ಮಾಫಿ” ಎಂದ. ಇಲ್ಲ ಅಂತ. ಅಡ್ಮಿನ್ ಬಾಗಿಲಿನಿಂದ ಮೆಲ್ಲಗೆ ಹೊರಗೆ ಹೋದರು.

ಆಮೇಲೆ ಪ್ರಯಾಣಕ್ಕೆ ಯೋಗ್ಯ ಎಂಬ ಚೀಟಿ ಬರೆಯಬೇಕಿತ್ತು. ಇಂಡಿಯವನ ತೋಳಿಗೆ ಪಟ್ಟಿ ಕಟ್ಟಿ ಬಿಪಿ ನೋಡಿದೆ. ಸರಿಯಾಗಿತ್ತು. ಚೀಟಿಗೆ ಸಹಿ ಹಾಕಿದೆ. ಸಾರ್ಜೆಂಟ್ “ಖಲಾಸ್, ಯಲ್ಲಾ”, ಮುಗಿಯಿತು ನಡೆ, ಎಂದು ಕೋಳ ತೊಡಿಸಿದ.

ಕೆಲವು ತಿಂಗಳಾದ ಮೇಲೆ ಅವನನ್ನು ಕಳ್ಳತನದ ಕೇಸಿನ ಮೇಲೆ ದೇಶ ಬಿಡಿಸಿ ಕಳಿಸಿದರೆಂದು ಮೆಸ್ಸಿನವರೇ ಹೇಳಿದರು. ಅಷ್ಟು ಹೊತ್ತಿಗೆ ದೋಹಾದ ಬೀದಿಯ ತುಂಬ ಬಾವುಟಗಳು. ನಾನೂ ಮಗನನ್ನು ಕರೆದುಕೊಂಡು ಹೋಗಿ ಒಂದು ಪಂದ್ಯ ನೋಡಿ ಬಂದೆ. ಯಾರು ಗೆದ್ದರೆಂದು ನೆನಪಿಲ್ಲ.

ನೆನಪಿರುವುದು ಆ ಭಾನುವಾರ ಗಾಡಿಯ ಬಾಗಿಲಲ್ಲಿ ಅವನು ನಿಂತದ್ದು. ನಾನು ಇಂಗ್ಲಿಷಿನಲ್ಲಿ ಮಾತಾಡಿದ್ದನ್ನು ನೋಡಿದ್ದ, ಪುಸ್ತಕ ತೆಗೆದು ಆಫೀಸರಿನ ಮುಂದೆ ಇಟ್ಟದ್ದನ್ನು ನೋಡಿದ್ದ. ತನ್ನ ಪರವಾಗಿ ನಾನು ಬೇಡಿಕೊಂಡೆ ಎಂದೇ ತಿಳಿದಿದ್ದ. ಕೋಳ ಬಿದ್ದ ಎರಡೂ ಕೈ ಎತ್ತಿ ಮುಗಿದ.

“ನೀವರ ಹೇಳಿದ್ರಿ ಅಣ್ಣಾರ, ಪುಸ್ತಕಾನೂ ತೋರಿಸಿದ್ರಿ. ಅವ್ರ ಕೇಳ್ಲಿಲ್ಲ, ನೀವೇನ್ ಮಾಡ್ತೀರಿ? ಮನಸಿಗಿ ಹಚ್ಗೋಬ್ಯಾಡ್ರಿ.”

ನಾನು “ಹೂಂ” ಎಂದೆ.