ಅರಿಶಿನ ಕುಂಕುಮದ ಗದ್ದೆ

ನಮ್ಮ ಅತ್ತೆಯ ಹಣೆಯ ಮೇಲೆ ಒಂದು ಬಿಳಿ ಗುರುತಿತ್ತು. ಹುಣಸೆ ಬೀಜದಷ್ಟು ಅಗಲ, ಹುಬ್ಬುಗಳ ನಡುವಿನಿಂದ ತುಸು ಮೇಲೆ. ಆ ಕಾಲದ ಹೆಂಗಸರು ಹಣೆಗೆ ಮೊದಲು ಮೇಣ ಸವರಿ ಅದರ ಮೇಲೆ ಕುಂಕುಮ ಒತ್ತುತ್ತಿದ್ದರು. ವರ್ಷಗಟ್ಟಲೆ ಮೇಣ ಕೂತ ಜಾಗದಲ್ಲಿ ಕೆಲವರಿಗೆ ಚರ್ಮದ ಬಣ್ಣವೇ ಹೋಗಿಬಿಡುತ್ತಿತ್ತು. ನಾನು ಸೊಸೆಯಾಗಿ ಬರುವ ಹೊತ್ತಿಗೆ ನಮ್ಮ ಮಾವ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಕುಂಕುಮ ಹೋಗಿತ್ತು, ಗುರುತು ಹೋಗಿರಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿ ವಿಭೂತಿ ಹಚ್ಚಿಕೊಂಡರೆ ಅದು ಮುಚ್ಚುತ್ತಿತ್ತು. ಒಲೆಯ ಮುಂದೆ ಕೂತು ರೊಟ್ಟಿ ತಟ್ಟುತ್ತ ಬೆವರಿದಂತೆಲ್ಲ ವಿಭೂತಿ ಕರಗಿ ಮತ್ತೆ ಕಾಣಿಸಿಕೊಳ್ಳುತ್ತಿತ್ತು. "ಕುಂಕುಮ ಊರು ಬಿಟ್ಟು ಹೋತು, ಅದರ ಮನಿ ಮಾತ್ರ ಇಲ್ಲೇ ಐತಿ ನೋಡು" ಎಂದು ಅದನ್ನು ಬೆರಳಿನಿಂದ ಮುಟ್ಟಿ ನಗುತ್ತಿದ್ದರು.

ನಾನು ಕುಪ್ಪಗಡ್ಡೆಯ ಮಗಳು, ಶಿಕಾರಿಪುರದ ಸೊಸೆ. ಊರುಗಳು ಬಹಳ ದೂರವಲ್ಲ, ಆದರೆ ಮಾತು ಬೇರೆ. ಸೊರಬದ ಸೀಮೆಯ ನಮಗೆ ಬಾಯಿ ಬಿಟ್ಟರೆ "ಎಂತ", ಅವರಿಗೆ "ಏನ". ಹೊಸದರಲ್ಲಿ ಅತ್ತೆ ಕರೆದಾಗಲೆಲ್ಲ ನಾನು "ಎಂತ ಅತ್ತೆ?" ಎನ್ನುತ್ತಿದ್ದೆ. ಅವರಿಗೆ ಅದೇ ತಮಾಷೆ. "ಏ ಎಂತದಾಕಿ, ಬಾರವ್ವ ಇಲ್ಲಿ" ಎಂದು ಕರೆಯಲು ಶುರು ಮಾಡಿದವರು ಕೊನೆಯ ತನಕ ನನ್ನನ್ನು ಹೆಸರು ಹಿಡಿದು ಕರೆಯಲೇ ಇಲ್ಲ.

ಅವರಿಗೆ ಅಕ್ಷರ ಬರುತ್ತಿರಲಿಲ್ಲ. ಆದರೆ ಯಾರೇ ಒಂದು ಮಾತು ಆಡಲಿ, ಅದನ್ನು ಅಕ್ಕಿಯಲ್ಲಿ ಕಲ್ಲು ಆರಿಸಿದಂತೆ ಆರಿಸಿ ನೋಡುತ್ತಿದ್ದರು. ಕೂಲಿಯಾಳು ನಾಳೆ ಬರುತ್ತಾನಂತೆ ಎಂದು ನಾನು ಬಂದು ಹೇಳಿದರೆ, "ಬಂದೇ ಬರ್ತೀನಿ ಅಂದ್ನೋ, ಬಂದ್ರೆ ಬರ್ತೀನಿ ಅಂದ್ನೋ?" ಎಂದು ಕೇಳುವವರು. ಗಂಡಸರು ಕೂತ ಕಡೆ ಮಾತಾಡುವ ಪ್ರಸಂಗ ಬಂದರೆ "ತಡೀರಿ, ಸೆರಗು ಸರಿ ಮಾಡ್ಕೊಂತೀನಿ" ಎನ್ನುವುದು ರೂಢಿ. ಸೆರಗು ಸರಿಯಾಗಿಯೇ ಇರುತ್ತಿತ್ತು. ಅಷ್ಟು ಹೊತ್ತಿನಲ್ಲಿ ಅವರು ಸರಿ ಮಾಡಿಕೊಳ್ಳುತ್ತಿದ್ದುದು ಮಾತನ್ನು.

ಕ್ಯಾಸನೂರಿನ ಕಡೆಯ ಕಾಡಿನಲ್ಲಿ ಮಂಗಗಳು ಸತ್ತು ಬೀಳತೊಡಗಿದ ವರ್ಷ ನನ್ನ ಗಂಡ ನೇಗಿಲಿಗೆ ಮರ ನೋಡಲು ಆ ಕಡೆ ಹೋಗಿ ಬಂದರು. ಬಂದವರಿಗೆ ಜ್ವರ ಬಂತು. ಆ ಜ್ವರಕ್ಕೆ ಆಗ ನಮ್ಮ ಬಾಯಲ್ಲಿ ಹೆಸರೂ ಇರಲಿಲ್ಲ. ಮಂಗನ ಕಾಯಿಲೆ ಎಂಬ ಮಾತು ಕೇಳುವ ಹೊತ್ತಿಗೆ ನಮ್ಮ ಮನೆಯಲ್ಲಿ ಎಲ್ಲ ಮುಗಿದಿತ್ತು. ಮಗಳಿನ್ನೂ ಮೊಲೆಹಾಲು ಬಿಟ್ಟಿರಲಿಲ್ಲ.

ಶಾಸ್ತ್ರದ ದಿನ ನನ್ನ ಕುಂಕುಮ ತೆಗೆಯಲು ಓಣಿಯ ಹಿರಿಯ ಹೆಂಗಸರು ಬಂದು ಕೂತರು. ಅತ್ತೆ ಯಾರನ್ನೂ ಹತ್ತಿರ ಬಿಡಲಿಲ್ಲ. "ನಿಮ್ಮ ಕೈ ಒರಟದಾವು, ನೀವು ಸರೀರಿ" ಎಂದು ತಮ್ಮ ಸೆರಗಿನ ತುದಿಯನ್ನು ನೀರಿನಲ್ಲಿ ಅದ್ದಿ ತಾವೇ ಒರೆಸಿದರು. ಒರೆಸಿದ ಮೇಲೆ ಅಂಗೈಯನ್ನು ನನ್ನ ಹಣೆಯ ಮೇಲೆ ಹಾಗೆಯೇ ಇಟ್ಟುಕೊಂಡು ಕೂತರು. ಮಗನನ್ನು ಕಳೆದುಕೊಂಡವರು ಅವರು. ಅವರನ್ನು ಸಮಾಧಾನ ಮಾಡಬೇಕಾದವಳು ನಾನಾಗಿದ್ದೆ. ಆದರೆ ಆ ಕೈ ತೆಗೆದರೆ ನಾನು ಕುಸಿದು ಬೀಳುತ್ತೇನೆಂದು ಅವರಿಗೆ ಗೊತ್ತಿತ್ತು.

ನನ್ನ ಮದುವೆಯಲ್ಲಿ ನಮ್ಮಪ್ಪ ಕುಪ್ಪಗಡ್ಡೆಯ ಹಳ್ಳದ ಪಕ್ಕದ ಗದ್ದೆಯೊಂದನ್ನು ನನಗೆ ಅರಿಶಿನ ಕುಂಕುಮಕ್ಕೆ ಎಂದು ಬರೆದು ಕೊಟ್ಟಿದ್ದ. ನಮ್ಮ ಸೀಮೆಯಲ್ಲಿ ಹೆಣ್ಣುಮಗಳಿಗೆ ಭೂಮಿ ಕೊಟ್ಟರೆ ಹಾಗೇ ಹೇಳುವುದು. ಅಪ್ಪ ತೀರಿಕೊಂಡ ಮೇಲೆ ಅಣ್ಣ ಅದನ್ನು ಉತ್ತು ಬಿತ್ತಿ ನನ್ನ ಪಾಲಿನ ಭತ್ತ ಕಳಿಸುತ್ತಿದ್ದ. ಗಂಡ ಹೋದ ಮೇಲೆ, ಸೂತಕವೆಲ್ಲ ಕಳೆದು ಸ್ವಲ್ಪ ದಿನಕ್ಕೆ, ಅಣ್ಣ ಶಿಕಾರಿಪುರಕ್ಕೆ ಬಂದ. ಹಲಸಿನ ಹಪ್ಪಳದ ಕಟ್ಟು ತಂದಿದ್ದ. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಹೇಳಿದ:

"ತಂಗಿ, ಹೇಳಕ್ಕೆ ಬಾಯಿ ಬರದಿಲ್ಲ. ಊರಾಗೆ ಎಲ್ಲ ಕೇಳ್ತಾ ಇದಾರೆ. ಅಪ್ಪ ಆ ಗದ್ದೆ ಕೊಟ್ಟಿದ್ದು ಕುಂಕುಮಕ್ಕೆ. ಆ ಕುಂಕುಮವನ್ನೇ ದೇವರು ತಗೊಂಡ ಮೇಲೆ ಎಂತ ಮಾಡದು? ಅದು ತವರಿಗೆ ವಾಪಸ್ ಬರದು ಕ್ರಮವಂತೆ. ನೀನೊಂದು ಸಹಿ ಹಾಕು. ಮಗು ಕರ್ಕೊಂಡು ಮನೆಗೆ ಬಾ. ನಾನಿರೋ ತನಕ ಅನ್ನಕ್ಕೆ ಕೊರತೆ ಮಾಡದಿಲ್ಲ."

ಅಣ್ಣ ಕೆಟ್ಟವನಲ್ಲ. ಊರಿನ ಹಿರಿಯರು ಹೇಳಿದ್ದನ್ನು ಅವನು ನಂಬಿದ್ದ. ಅಷ್ಟೇಕೆ, ನನಗೂ ಹೌದೆನ್ನಿಸಿತು. ಕುಂಕುಮಕ್ಕೆ ಕೊಟ್ಟದ್ದು ಕುಂಕುಮವಿಲ್ಲದ ಮೇಲೆ ನನ್ನದು ಹೇಗಾದೀತು? ಒಪ್ಪಿಕೊಳ್ಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಒಳಗಿನಿಂದ ಮಜ್ಜಿಗೆಯ ಲೋಟ ಹಿಡಿದು ಬಂದರು.

"ಮಜ್ಜಿಗಿ ಕುಡಿಯಪ್ಪ. ಸಹಿ ಎಲ್ಲಿಗೆ ಓಡಿ ಹೋಗ್ತದ? ನಿಮ್ಮೂರಿನ ಹಿರೇರ ಮುಂದೇ ಆಗ್ಲಿ, ನಾವೇ ಬರ್ತೀವಿ."

ಅಣ್ಣ ಹೋದ ಮೇಲೆ ಅತ್ತೆ ಕೇಳಿದ್ದು ಒಂದೇ ಪ್ರಶ್ನೆ. "ಕುಂಕುಮಕ್ಕೆ ಅಂತ ಬರ್ದಾರೋ, ಕುಂಕುಮ ಇರೋ ತನಕ ಅಂತ ಬರ್ದಾರೋ?"

ನನಗೆ ಗೊತ್ತಿರಲಿಲ್ಲ. ಮಾರನೆಯ ದಿನ ನನ್ನ ಟ್ರಂಕಿನಲ್ಲಿದ್ದ ಕಾಗದವನ್ನು ಸೆರಗಿನಲ್ಲಿ ಸುತ್ತಿಕೊಂಡು, ಹಿತ್ತಲಿನ ಒಂದು ಸೋರೆಕಾಯಿ ಕಿತ್ತುಕೊಂಡು, ನನ್ನನ್ನೂ ಮಗುವನ್ನೂ ಹೊರಡಿಸಿಕೊಂಡು ಪೇಟೆಯ ವಕೀಲರ ಮನೆಗೆ ಹೋದರು. ವಕೀಲರು ಹಿರಿಯರು, ಕನ್ನಡಕವನ್ನು ಹಣೆಗೇರಿಸಿಕೊಂಡು ಮಾತಾಡುವವರು.

"ಏನಮ್ಮ, ಯಾವ ಕೇಸು?"

"ಕೇಸು ಅಲ್ರೀ. ಒಂದು ಮಾತಿನ ಅರ್ಥ ಕೇಳಾಕ ಬಂದೀವಿ."

"ಸೋರೆಕಾಯಿ ಯಾಕೆ? ಫೀಸಾ?"

"ಅಲ್ರೀ, ಬಳ್ಳಿ ತುಂಬ ಬಿಟ್ಟಾವು. ಫೀಸು ಬ್ಯಾರೆ ಕೊಡ್ತೀನಿ."

ವಕೀಲರು ನಕ್ಕು ಕಾಗದವನ್ನು ನಿಧಾನವಾಗಿ ಓದಿದರು. ಓದಿ ಮುಗಿಸಿ ಕನ್ನಡಕ ಮೇಲೇರಿಸಿದರು.

"ನೋಡಮ್ಮ, ಅರಿಶಿನ ಕುಂಕುಮಕ್ಕೆ ಅಂದರೆ ಕುಂಕುಮ ಇರುವ ತನಕ ಅಂತಲ್ಲ. ಮಗಳು ಅನ್ನುವ ಪ್ರೀತಿಗೆ ಕೊಟ್ಟದ್ದು ಅಂತ. ಇಷ್ಟು ದಿನಕ್ಕೆ, ಇಂಥ ಷರತ್ತಿಗೆ ಅಂತ ಈ ಪತ್ರದಲ್ಲಿ ಎಲ್ಲೂ ಬರೆದಿಲ್ಲ. ರಿಜಿಸ್ಟರ್ ಬೇರೆ ಆಗಿದೆ. ಕೊಟ್ಟ ಅಪ್ಪನೇ ಎದ್ದು ಬಂದು ಕೇಳಿದರೂ ವಾಪಸ್ಸಿಲ್ಲ. ಈಗಂತೂ ಹೊಸ ಕಾನೂನು ಬಂದಿದೆ, ಹೀಗೆ ಬಂದ ಆಸ್ತಿಗೆ ಹೆಣ್ಣುಮಗಳೇ ಪೂರ್ತಿ ಯಜಮಾನಿ. ಅದು ನಿಮ್ಮ ಸೊಸೆಯದು ಅಲ್ಲದೇ ಇದ್ದಿದ್ದರೆ ಅವಳ ಸಹಿ ಯಾಕೆ ಕೇಳುತ್ತಿದ್ದರು? ಯೋಚನೆ ಮಾಡಿ."

ಅತ್ತೆ ಆ ಕೊನೆಯ ಮಾತನ್ನು ತುಟಿಯೊಳಗೇ ಮತ್ತೊಮ್ಮೆ ಹೇಳಿಕೊಂಡರು. ಎದ್ದು ಹೊರಡುವಾಗ ವಕೀಲರು ಇನ್ನೊಂದು ಮಾತು ಸೇರಿಸಿದರು. "ನಿಮ್ಮ ಮಗ ಬಿಟ್ಟು ಹೋದದ್ದರಲ್ಲೂ ಸೊಸೆಗೆ, ಮೊಮ್ಮಗಳಿಗೆ, ನಿಮಗೆ ಸಮಪಾಲು ಇದೆ. ತಿಳಿದಿರಲಿ."

"ನನಗೂ ಏನ್ರೀ?"

"ನಿಮಗೂ. ತಾಯಿ ಅಲ್ಲವೇ?"

ಮನೆಗೆ ವಾಪಸ್ ಕೆರೆ ಏರಿಯ ಮೇಲೆ ಬರುತ್ತಿದ್ದಾಗ ಅತ್ತೆ ಒಂದು ಕಲ್ಲಿನ ಮೇಲೆ ಕೂತುಬಿಟ್ಟರು. ಮಗ ಹೋದಂದಿನಿಂದ ನಮ್ಮೆಲ್ಲರ ಮುಂದೆ ಗಟ್ಟಿಯಾಗಿದ್ದವರು ಅಲ್ಲಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. "ಅವನ ಕಡೀಂದ ನಾನು ಎಲಿ ಅಡಕಿ ಬಿಟ್ಟು ಏನೂ ಕೇಳ್ದಾಕಿ ಅಲ್ಲ. ಈಗ ಪಾಲು ಅಂತ. ಎಲ್ಲಿ ಇಟ್ಕೊಳ್ಳಲೇ ಅದನ್ನ?"

ನಾನು ಪಕ್ಕದಲ್ಲಿ ಕೂತೆ. ಮಗು ಅವರ ಸೆರಗು ಹಿಡಿದು ಎಳೆಯುತ್ತಿತ್ತು. ಅತ್ತೆ ಮುಖ ಒರೆಸಿಕೊಂಡು ಹಣೆಯ ಗುರುತನ್ನು ಮುಟ್ಟಿಕೊಂಡರು. ಆವತ್ತು ನಗಲಿಲ್ಲ.

"ನಮ್ಮಪ್ಪನೂ ನಂಗೆ ಗದ್ದೆ ಕೊಟ್ಟಿದ್ದ ಕಣೇ ಎಂತದಾಕಿ. ಅರಿಶಿನ ಕುಂಕುಮಕ್ಕ. ನಿಮ್ಮ ಮಾವ ಹೋದ ಮ್ಯಾಲೆ ನಮ್ಮ ಅಣ್ಣಂದ್ರೂ ಹಿಂಗೇ ಬಂದ್ರು, ಹಿಂಗೇ ಅಂದ್ರು. ಹೌದಲ್ಲ ಅನ್ನಿಸ್ತು. ಹೆಬ್ಬೆಟ್ಟು ಒತ್ತಿದೆ. ಒಂದು ಮಾತಿನ ಅರ್ಥ ಯಾರನ್ನಾದ್ರೂ ಕೇಳ್ಬೇಕು ಅಂತ ಹೊಳೀಲಿಲ್ಲ ನೋಡು."

"ವಕೀಲರನ್ನ ಅದನ್ನೂ ಕೇಳಬಹುದಿತ್ತಲ್ಲ ಅತ್ತೆ?"

"ನಂದು ಒತ್ತಿ ಆತು. ಒಣಗಿದ ಮಸಿ ತೊಳದ್ರೆ ಹೋಗಂಗಿಲ್ಲ. ನಿಂದಿನ್ನೂ ಹಸಿ ಐತಿ."

ಕುಪ್ಪಗಡ್ಡೆಗೆ ಹೋದ ದಿನ ನಮ್ಮ ತವರಿನ ಜಗಲಿಯ ಮೇಲೆ ಊರ ಗೌಡರು, ನಾಲ್ಕೈದು ಮಂದಿ ಹಿರಿಯರು ಕೂತಿದ್ದರು. ಬಾಗಿಲ ಹಿಂದೆ ಅತ್ತಿಗೆ ಮತ್ತು ನೆರೆಯ ಹೆಂಗಸರು. ಅಣ್ಣ ಕಂಬಕ್ಕೊರಗಿ ತಲೆ ತಗ್ಗಿಸಿದ್ದ. ಸಹಿಯ ಕಾಗದ ಗೌಡರ ಮುಂದಿತ್ತು.

ಗೌಡರು ಎಲೆಗೆ ಸುಣ್ಣ ಸವರುತ್ತ ಹೇಳಿದರು. "ಹುಡುಗಿ ಸಹಿ ಹಾಕಿದ್ರೆ ಮುಗೀತು. ಅದಕ್ಕೆ ಬೀಗಿತಿಯೋರೇ ಶಿಕಾರಿಪುರದಿಂದ ಬರಬೇಕಿತ್ತಾ? ಗದ್ದೆ ಮೇಲೆ ನಿಮ್ಮ ಕಣ್ಣೂ ಇರೋ ಹಂಗೆ ಕಾಣ್ತದೆ ಮಾರಾಯ್ತಿ!"

ಜಗಲಿಯವರು ನಕ್ಕರು. ಅತ್ತೆ ನಗು ಮುಗಿಯುವ ತನಕ ಕಾದರು.

"ತಡೀರಿ ಗೌಡ್ರೇ, ಸೆರಗು ಸರಿ ಮಾಡ್ಕೊಂತೀನಿ."

ನನಗೆ ಗೊತ್ತಾಯಿತು, ಬರುತ್ತಿದೆ ಎಂದು.

"ಗದ್ದೆ ನಂಗೂ ಬ್ಯಾಡ, ನಮ್ಮ ಮನಿಗೂ ಬ್ಯಾಡ. ಇವಳ ಹೆಸರಿನಾಗೇ ಇರ್ಲಿ, ನನ್ನ ಕಡೆಯೋರು ಯಾರೂ ಮುಟ್ಟಂಗಿಲ್ಲ. ಈಗ ನೀವು ಹೇಳ್ರಿ. ಕುಂಕುಮ ಹೋತು, ಅದಕ್ಕ ಗದ್ದೆ ವಾಪಸ್ ಅಂತೀರಿ. ಆತು. ಕೊಟ್ಟಿದ್ದು ಬರೇ ಕುಂಕುಮಕ್ಕಲ್ಲ, ಅರಿಶಿನಕ್ಕೂ ಕೊಟ್ಟಾರಲ್ರೀ? ಅರಿಶಿನ ದಿನಾ ಸಾರಿಗೆ ಹಾಕ್ತಾಳ ಇವಳು, ಅದನ್ನೇನು ನಿಲ್ಸಿಲ್ಲ. ಅರಿಶಿನದ ಅರ್ಧ ಯಾರಿಗ್ರೀ?"

ಬಾಗಿಲ ಹಿಂದೆ ಹೆಂಗಸರು ಕಿಸಕ್ಕೆಂದು ನಕ್ಕರು. ಗೌಡರ ಕೈಯಲ್ಲಿ ಎಲೆ ಹಾಗೇ ನಿಂತಿತು.

"ಪತ್ರ ವಕೀಲರಿಗೆ ತೋರ್ಸೀನಿ. ಇರೋ ತನಕ ಅಂತ ಎಲ್ಲೂ ಇಲ್ಲಂತ. ಗದ್ದೆ ನಿಮ್ದೇ ಆಗಿದ್ರೆ ಇವಳ ಸಹಿ ನಿಮಗ್ಯಾಕ ಬೇಕು? ಇವಳದು, ಅದಕ್ಕ ಕೇಳ್ತೀರಿ." ಅಷ್ಟು ಹೇಳಿ ಅತ್ತೆಯ ದನಿ ಇಳಿಯಿತು. ಎಡಗೈಯ ಹೆಬ್ಬೆರಳನ್ನು ಅಣ್ಣನ ಕಡೆ ಚಾಚಿದರು. "ನಾನೂ ಒತ್ತಿದಾಕಿ ನನ್ನಪ್ಪ. ನಮ್ಮ ಅಣ್ಣಂದ್ರೂ ಅನ್ನ ಹಾಕ್ತೀವಿ ಅಂದಿದ್ರು. ಹಾಕಿದ್ರು, ಸುಳ್ಳು ಹೇಳಬಾರ್ದು. ಆದ್ರ ಆ ಮನೀಗೆ ಹೋದಾಗೆಲ್ಲ ನಾನು ಊಟಕ್ಕ ಬಂದಾಕಿ ಆದೆ, ಮಗಳಾಗ್ಲಿಲ್ಲ. ಕುಂಕುಮ ಒರಸಿದ್ರೆ ಹಣಿ ಹೋಗ್ತದೇನಪ್ಪ? ಹಣಿ ಇವಳದೇ ಅಲ್ಲೇನು?"

ನನ್ನ ಅಣ್ಣ ಎದ್ದು ಬಂದು ಗೌಡರ ಮುಂದಿದ್ದ ಕಾಗದವನ್ನು ತೆಗೆದು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ.

"ಸಾಕು ಗೌಡ್ರೇ. ನನಗೂ ಹೆಣ್ಮಕ್ಕಳಿದಾವೆ" ಎಂದ. ಆಮೇಲೆ ನನ್ನ ಕಡೆ ತಿರುಗಿ, "ಉಳದು ನಾನೇ ಉಳ್ತೀನಿ ತಂಗಿ. ಭತ್ತ ಮೊದಲಿನಂಗೇ ಬರ್ತದೆ. ನೀನು ಬಂದಾಗ ಮಗಳಾಗಿ ಬಾ" ಎಂದ. ಒಳಗಿನಿಂದ ಅತ್ತಿಗೆ "ಎಲ್ಲರೂ ಏಳಿ, ಎಲೆ ಹಾಕೀನಿ" ಎಂದು ಕೂಗಿದಳು. ಆ ದಿನದ ಊಟದಲ್ಲಿ ಗೌಡರು ಅತ್ತೆಯ ಕಡೆ ನೋಡದೆ, "ಸಾರಿಗೆ ಅರಿಶಿನ ಚೂರು ಹೆಚ್ಚಾಗಿದೆ" ಎಂದದ್ದಕ್ಕೆ ಎಲ್ಲರೂ ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಅಂದಿನಿಂದ ಆ ಗದ್ದೆಗೆ ಊರಿನಲ್ಲಿ ಅರಿಶಿನದ ಗದ್ದೆ ಎಂದೇ ಹೆಸರಾಯಿತು. ಹೇಳುವಾಗ ಕುಂಕುಮವನ್ನು ಬಿಟ್ಟುಬಿಟ್ಟರು.

ಆಮೇಲೆ ಯಾರ ಮನೆಯಲ್ಲಾದರೂ ಗಂಡಸು ತೀರಿಕೊಂಡರೆ ಅತ್ತೆ ಮಾತಾಡಿಸಲು ಹೋಗುವಾಗ ಹಣ್ಣು ಹಂಪಲು ಒಯ್ಯುತ್ತಿದ್ದರು, ಜೊತೆಗೆ ಒಂದು ಮಾತನ್ನೂ. ಅಳುತ್ತಿರುವವಳ ಕಿವಿಯ ಹತ್ತಿರ ಬಗ್ಗಿ, "ಅಳವ್ವ, ಎಷ್ಟು ಬೇಕೋ ಅಷ್ಟು ಅಳು. ಅಳೋ ದಿನದಾಗ ಮಾತ್ರ ಹೆಬ್ಬೆಟ್ಟು ಒತ್ತಬ್ಯಾಡ" ಎನ್ನುತ್ತಿದ್ದರು. ಕೆಲವರು ಇದನ್ನು ಆಡಿಕೊಂಡರು. ಕೆಲವರು ಸೋರೆಕಾಯಿ ಹಿಡಿದು ಅವರ ಹಿಂದೆ ವಕೀಲರ ಮನೆಗೆ ಹೋದರು.

ನನ್ನ ಮಗಳ ಮದುವೆ ಗೊತ್ತಾದಾಗ ಆ ಗದ್ದೆಯನ್ನು ಅವಳಿಗೆ ಬರೆದುಕೊಡಲು ಸೊರಬದ ರಿಜಿಸ್ಟರ್ ಕಚೇರಿಗೆ ಹೋದೆವು. ಅತ್ತೆಗೆ ಆಗ ಕಣ್ಣು ಮಂಜು, ಆದರೂ ಬಂದರು. ಅಣ್ಣ ಅವರ ಕೈ ಹಿಡಿದು ಮೆಟ್ಟಿಲು ಹತ್ತಿಸಿದ. ಪತ್ರ ಬರೆಯುವವರು ಲೇಖನಿ ಹಿಡಿದು, "ಯಾವುದಕ್ಕೆ ಅಂತ ಬರೀಲಮ್ಮ? ಅರಿಶಿನ ಕುಂಕುಮಕ್ಕೆ ಅಂತ್ಲೇ?" ಎಂದರು.

ನಾನು ಇದನ್ನು ದಾರಿಯುದ್ದಕ್ಕೂ ಯೋಚಿಸಿದ್ದೆ. "ಬೇಡ. ಅನ್ನಕ್ಕೆ ಅಂತ ಬರೀರಿ" ಎಂದೆ.

ಅತ್ತೆ ತಡೆದರು. "ತಡೀರಿ, ಸೆರಗು ಸರಿ ಮಾಡ್ಕೊಂತೀನಿ. ಅನ್ನಕ್ಕ ಅಂತ ಬರದ್ರೆ, ಅವಳ ಹೊಟ್ಟಿ ತುಂಬಿದ ದಿನ ಬಂದು ವಾಪಸ್ ಕೇಳ್ತಾರ ಕಣೇ ಎಂತದಾಕಿ. ಅದಕ್ಕ ಇದಕ್ಕ ಏನೂ ಬ್ಯಾಡ. ಕೊಟ್ಟೆ ಅಂತ ಬರೀಲಿ. ಸಾಕು."

ಹಾಗೇ ಬರೆಸಿದೆ.

ಮುಂದಿನ ಸುಗ್ಗಿಗೆ ಅತ್ತೆ ಇರಲಿಲ್ಲ. ಕೊನೆಯ ಸ್ನಾನ ಮಾಡಿಸಿ ಮುಖ ಒರೆಸಿದವಳು ನಾನೇ, ನನ್ನ ಸೆರಗಿನ ತುದಿಯಿಂದ, ಬೇರೆಯವರ ಕೈ ಒರಟೆಂದು. ಹಣೆಯ ಮೇಲೆ ಆ ಗುರುತು ಹಾಗೇ ಇತ್ತು. ಯಾರೋ ವಿಭೂತಿಯ ತಟ್ಟೆ ಮುಂದೆ ಹಿಡಿದರು. ಹಣೆ ತುಂಬ ಹಚ್ಚಿದೆ. ಹುಣಸೆ ಬೀಜದಷ್ಟು ಆ ಜಾಗವನ್ನು ಮಾತ್ರ ಬಿಟ್ಟೆ. ಅಲ್ಲೂ ಹಚ್ಚು ಎಂದರು ಹಿಂದಿನಿಂದ. ಹಚ್ಚಲಿಲ್ಲ. ಆ ಜಾಗ ಅವರದು.